ಪದ ಹುಡುಕುವ ಪ್ರೋಗ್ರಾಂ: ಆರ್ಗ್ಯುಮೆಂಟ್ ಬರುವ ಬಾಗಿಲು ಬೇರೆ, ಪಠ್ಯ ಬರುವ ಬಾಗಿಲು ಬೇರೆ

ಪಠ್ಯದಲ್ಲಿ ಪದ ಹುಡುಕುವ ಪ್ರೋಗ್ರಾಂ ಬರೆಯುವುದು ಕಷ್ಟದ ಕೆಲಸವಲ್ಲ. ಸಾಲು ಓದಬೇಕು, ಪದ ಇದೆಯೇ ನೋಡಬೇಕು, ಇದ್ದರೆ ಮುದ್ರಿಸಬೇಕು. ಪೈಥಾನ್‌ನಲ್ಲಿ ಹತ್ತು ಸಾಲಿಗೆ ಮುಗಿದುಹೋಗುತ್ತದೆ. ಆದರೆ ಅಂಥ ಪ್ರೋಗ್ರಾಂ ಕೈಕೊಡುವುದು ಹುಡುಕುವ ಜಾಗದಲ್ಲಲ್ಲ. ಹುಡುಕಬೇಕಾದ ಪದ ಮತ್ತು ಹುಡುಕಬೇಕಾದ ಪಠ್ಯ ಎರಡೂ ಒಳಗೆ ಬರುವ ದಾರಿಯಲ್ಲಿ ಅದು ಎಡವುತ್ತದೆ. ಪದ ಕಮಾಂಡ್ ಲೈನಿನಿಂದ ಆರ್ಗ್ಯುಮೆಂಟ್ ಆಗಿ, ಅಂದರೆ ಆಜ್ಞೆಯ ಹೆಸರಿನ ಜೊತೆ ಒತ್ತಿದ ಮಾತಾಗಿ, ಷೆಲ್‌ನ (ನಾವು ಒತ್ತಿದ ಆಜ್ಞೆಯನ್ನು ಓದಿ ಓಡಿಸುವ ಪ್ರೋಗ್ರಾಂನ) ಕೈ ದಾಟಿ ಬರುತ್ತದೆ. ದಾರಿಯಲ್ಲಿ ಷೆಲ್ ಅದನ್ನು ಕತ್ತರಿಸಿರಬಹುದು, ಹಿಗ್ಗಿಸಿರಬಹುದು, ಇಲ್ಲವಾಗಿಸಿಯೂ ಇರಬಹುದು. ಪಠ್ಯ ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ (ಕೀಲಿಮಣೆ, ಕಡತ ಅಥವಾ ಇನ್ನೊಂದು ಪ್ರೋಗ್ರಾಂನಿಂದ ಪಠ್ಯ ಹರಿದುಬರುವ ದಾರಿಯಿಂದ) ಹಸಿ ಬೈಟುಗಳಾಗಿ ಬರುತ್ತದೆ; ಅದನ್ನು ಯಾರೂ ಮುಟ್ಟಿರುವುದಿಲ್ಲ. ಎರಡು ಬಾಗಿಲುಗಳಿಂದ ಬಂದವರನ್ನು ಒಂದೇ ಅಳತೆಗೆ ತಂದು ಆಮೇಲೆ ಹೋಲಿಸಬೇಕು. ಈ ಲೇಖನದ ಬಹುಪಾಲು ಹೆಜ್ಜೆಗಳು ಅದರ ಸುತ್ತಲೇ ಇವೆ.

ನಾವು ಕಟ್ಟುವ ಪ್ರೋಗ್ರಾಂನ ಹೆಸರು ‘ಹುಡುಕು’. ಲಿನಕ್ಸ್‌ನಲ್ಲಿ ಕಡತದ ಹೆಸರು ಕನ್ನಡದಲ್ಲಿದ್ದರೂ ಆಜ್ಞೆಯಾಗಿ ಸಲೀಸಾಗಿ ಓಡುತ್ತದೆ, ಆದ್ದರಿಂದ ಇದನ್ನು ಹಾಗೆಯೇ ಟೈಪ್ ಮಾಡಬಹುದು. ಪೈಥಾನ್ 3.7 ಅಥವಾ ನಂತರದ ಆವೃತ್ತಿ ಮತ್ತು ಬ್ಯಾಷ್ ಷೆಲ್ ಇದೆ ಎಂದುಕೊಂಡಿದ್ದೇನೆ. ಗ್ರೆಪ್ (ಪಠ್ಯದಲ್ಲಿ ಹುಡುಕುವುದು), ಎಕೋ (ಕೊಟ್ಟದ್ದನ್ನು ಮುದ್ರಿಸುವುದು), ಹೆಡ್ (ಮೊದಲ ಕೆಲವು ಸಾಲು ತೋರಿಸುವುದು) ಮುಂತಾದ ಹಳೆಯ ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದರೂ ಒತ್ತುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ಇನ್ನೊಂದು ಮಾತು: ಅನೇಕ ಟರ್ಮಿನಲ್‌ಗಳಲ್ಲಿ ಕನ್ನಡದ ಒತ್ತಕ್ಷರಗಳು ಚದುರಿಹೋದಂತೆ ಕಾಣುತ್ತವೆ. ಅದು ಪರದೆಯ ದೋಷ, ಬೈಟುಗಳ ದೋಷವಲ್ಲ. ಗಾಬರಿಯಾಗಬೇಡಿ.

ಹೆಜ್ಜೆ 1: ಕೋಡ್‌ಗೆ ಮುಂಚೆ ಬಳಕೆಯ ಸಾಲು

ಒಂದು ಸಾಲು ಬರೆದು ಕಡತದ ತಲೆಗೆ ಅಂಟಿಸಿಕೊಳ್ಳಿ:

ಹುಡುಕು [ಆಯ್ಕೆಗಳು] ಪದ [ಕಡತ ...]

ಚೌಕ ಕಂಸದಲ್ಲಿರುವುದು ಕಡ್ಡಾಯವಲ್ಲ, ಮೂರು ಚುಕ್ಕಿ ಎಂದರೆ ಎಷ್ಟು ಬೇಕಾದರೂ. ಆಯ್ಕೆಯಲ್ಲದ ಮೊದಲ ಆರ್ಗ್ಯುಮೆಂಟ್ ಪದ, ಉಳಿದವೆಲ್ಲ ಕಡತಗಳು, ಕಡತವೇ ಇಲ್ಲದಿದ್ದರೆ ಸ್ಟ್ಯಾಂಡರ್ಡ್ ಇನ್‌ಪುಟ್ ಓದಬೇಕು. ಇದು ನನ್ನ ಆವಿಷ್ಕಾರವಲ್ಲ. ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್‌ಗೆ ಪೈಪ್ (ಒಂದು ಆಜ್ಞೆಯ ಔಟ್‌ಪುಟ್ ಅನ್ನು ಇನ್ನೊಂದರ ಇನ್‌ಪುಟ್‌ಗೆ ಹರಿಸುವ ವ್ಯವಸ್ಥೆ) ಸೇರಿದ್ದು 1973ರಲ್ಲಿ. ಕೆನ್ ಥಾಂಪ್ಸನ್ ಬರೆದ ಗ್ರೆಪ್ ಕೂಡ ಅದೇ ವರ್ಷದ ನಾಲ್ಕನೇ ಆವೃತ್ತಿಯಲ್ಲಿ ಕಾಣಿಸಿಕೊಂಡಿತು. ಅರ್ಧ ಶತಮಾನದಿಂದ ಜನರ ಬೆರಳುಗಳಿಗೆ ಈ ಕ್ರಮ ರೂಢಿಯಾಗಿದೆ. ಕಡತ ಮೊದಲು, ಪದ ಆಮೇಲೆ ಎಂದು ಹೊಸ ಸಂಪ್ರದಾಯ ಹುಟ್ಟುಹಾಕುವುದರಿಂದ ಯಾರಿಗೂ ಉಪಕಾರವಿಲ್ಲ.

ಇನ್ನೆರಡು ನಿರ್ಧಾರಗಳನ್ನು ಈಗಲೇ ಮಾಡಿಬಿಡಿ. ಕಡತದ ಜಾಗದಲ್ಲಿ ಒಂಟಿ ಅಡ್ಡಗೆರೆ (-) ಬಂದರೆ ಅದು ಸ್ಟ್ಯಾಂಡರ್ಡ್ ಇನ್‌ಪುಟ್. ಪದವನ್ನು ಬರೆದಂತೆಯೇ ಹುಡುಕಬೇಕು. ರೆಗ್ಯುಲರ್ ಎಕ್ಸ್‌ಪ್ರೆಶನ್ (ಚುಕ್ಕಿ, ನಕ್ಷತ್ರದಂಥ ಚಿಹ್ನೆಗಳಿಗೆ ವಿಶೇಷ ಅರ್ಥವಿರುವ ವಿನ್ಯಾಸ) ಬೇಕಾದವರು ಅದಕ್ಕೆಂದೇ ಒಂದು ಆಯ್ಕೆ ಕೊಡಲಿ. ಗ್ರೆಪ್ ಇಲ್ಲಿ ತಿರುವುಮುರುವು, ಆದರೆ ಹೆಚ್ಚಿನವರು ಹುಡುಕುವುದು ಒಂದು ಪದವನ್ನೋ ಮೊತ್ತವನ್ನೋ ಹೊರತು ವಿನ್ಯಾಸವನ್ನಲ್ಲ. ‘ರೂ. 500’ ಎಂದು ಹುಡುಕಿದಾಗ ಚುಕ್ಕಿ ಚುಕ್ಕಿಯಾಗಿಯೇ ಉಳಿಯಲಿ.

ಹೆಜ್ಜೆ 2: ಷೆಲ್ ಏನು ಮಾಡಿ ಕಳಿಸುತ್ತದೆ, ಕಣ್ಣಾರೆ ನೋಡಿ

ಹುಡುಕುವ ಕೋಡ್ ಬರೆಯುವ ಮೊದಲು ಒಂದು ತಾತ್ಕಾಲಿಕ ‘ಹುಡುಕು’ ಬರೆಯಿರಿ. ಅದರ ಕೆಲಸ ಇಷ್ಟೇ: ಪೈಥಾನ್‌ನ ಸಿಸ್ ಮಾಡ್ಯೂಲ್‌ನಲ್ಲಿರುವ ಆರ್ಗ್‌ವಿ ಪಟ್ಟಿಯನ್ನು (sys.argv) ತೆಗೆದುಕೊಂಡು ಪ್ರತಿಯೊಂದನ್ನೂ ಅದರ ಸಂಖ್ಯೆಯ ಜೊತೆ, ಚೌಕ ಕಂಸದೊಳಗೆ, ಬೇರೆ ಬೇರೆ ಸಾಲಿನಲ್ಲಿ ಮುದ್ರಿಸುವುದು. ಕಂಸ ಮರೆಯಬೇಡಿ, ಖಾಲಿ ಆರ್ಗ್ಯುಮೆಂಟ್ ಮತ್ತು ಬಾಲದಲ್ಲಿ ಅಂಟಿಕೊಂಡ ಖಾಲಿ ಜಾಗ ಕಾಣುವುದು ಅದರಿಂದಲೇ. ಈಗ ಹೀಗೆ ಓಡಿಸಿ:

./ಹುಡುಕು ಮಳೆ ಬಂತು ವರದಿ

ಬರುವುದು:

0 [./ಹುಡುಕು]
1 [ಮಳೆ]
2 [ಬಂತು]
3 [ವರದಿ]

ಸೊನ್ನೆಯ ಸ್ಥಾನದಲ್ಲಿ ಪ್ರೋಗ್ರಾಂನ ಹೆಸರೇ ಇದೆ, ಅದನ್ನು ಬಿಟ್ಟು ಎಣಿಸಬೇಕು. ಮುಖ್ಯವಾದದ್ದು ಉಳಿದ ಮೂರು. ನೀವು ‘ಮಳೆ ಬಂತು’ ಎಂಬ ಮಾತನ್ನು ವರದಿಯಲ್ಲಿ ಹುಡುಕಲು ಹೊರಟಿರಿ. ಪ್ರೋಗ್ರಾಂಗೆ ತಲುಪಿದ್ದು ‘ಮಳೆ’ ಎಂಬ ಪದ ಮತ್ತು ‘ಬಂತು’, ‘ವರದಿ’ ಎಂಬ ಎರಡು ಕಡತಗಳು. ‘ಬಂತು ಎಂಬ ಕಡತ ಇಲ್ಲ’ ಎಂದು ದೂರು ಬರುತ್ತದೆ. ಇಡೀ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಅದು ಒಂದೇ ಆರ್ಗ್ಯುಮೆಂಟ್ ಆಗುತ್ತದೆ, ಮತ್ತು ಆ ಚಿಹ್ನೆಗಳು ಪ್ರೋಗ್ರಾಂ ತನಕ ಬರುವುದೇ ಇಲ್ಲ, ಷೆಲ್ ಅವನ್ನು ತೆಗೆದುಹಾಕಿರುತ್ತದೆ. ಆದ್ದರಿಂದ ನಿಮ್ಮ ಕೋಡ್‌ನಲ್ಲಿ ಉದ್ಧರಣ ಚಿಹ್ನೆ ಕಿತ್ತುಹಾಕುವ ಸಾಲು ಬರೆಯುವ ಚಪಲ ಬೇಡ.

ಚಿಹ್ನೆ ಮಾತ್ರ ನೇರವಾದದ್ದೇ ಆಗಿರಬೇಕು. ವಾಟ್ಸ್‌ಆ್ಯಪ್ ಸಂದೇಶದಿಂದಲೋ ವರ್ಡ್ ಕಡತದಿಂದಲೋ ನಕಲು ಮಾಡಿದ ಆಜ್ಞೆಯಲ್ಲಿ ಬಾಗಿದ ಉದ್ಧರಣ ಚಿಹ್ನೆ ಸೇರಿಕೊಂಡಿರುವುದು ಬಹಳ ಸಾಮಾನ್ಯ. ಷೆಲ್‌ಗೆ ಅದು ಇನ್ನೊಂದು ಅಕ್ಷರವಷ್ಟೇ. ತಾತ್ಕಾಲಿಕ ಪ್ರೋಗ್ರಾಂನಲ್ಲಿ ಅಂಥ ಆಜ್ಞೆಯನ್ನು ಓಡಿಸಿ ನೋಡಿ: ಮೊದಲ ಆರ್ಗ್ಯುಮೆಂಟ್ [‘ಮಳೆ], ಎರಡನೆಯದು [ಬಂತು’].

ಈಗ ನಕ್ಷತ್ರ ಚಿಹ್ನೆ.

./ಹುಡುಕು ಮಳೆ* ವರದಿ

ಈಗಿರುವ ಫೋಲ್ಡರ್‌ನಲ್ಲಿ ‘ಮಳೆ-ಜೂನ್’, ‘ಮಳೆ-ಜುಲೈ’ ಎಂಬ ಕಡತಗಳಿದ್ದರೆ ಷೆಲ್ ನಕ್ಷತ್ರವನ್ನು ಹಿಗ್ಗಿಸಿ ಆ ಎರಡು ಹೆಸರುಗಳನ್ನು ತಂದಿಡುತ್ತದೆ. ಅಂಥ ಕಡತಗಳಿಲ್ಲದಿದ್ದರೆ ಬ್ಯಾಷ್ ನಕ್ಷತ್ರವನ್ನು ಹಾಗೆಯೇ ದಾಟಿಸುತ್ತದೆ. ಅಂದರೆ ಒಂದು ಫೋಲ್ಡರ್‌ನಲ್ಲಿ ಸರಿಯಾಗಿ ಓಡಿದ ಆಜ್ಞೆ ಪಕ್ಕದ ಫೋಲ್ಡರ್‌ನಲ್ಲಿ ಬೇರೆಯದೇ ಅರ್ಥ ಕೊಡುತ್ತದೆ. ಇದಕ್ಕೆ ಪ್ರೋಗ್ರಾಂನೊಳಗೆ ಮದ್ದಿಲ್ಲ. ಬಳಕೆದಾರರು ಉದ್ಧರಣ ಚಿಹ್ನೆ ಹಾಕಬೇಕು ಎಂದು ಸಹಾಯ ಪಠ್ಯದಲ್ಲಿ ಒಂದು ಉದಾಹರಣೆ ಕೊಡುವುದಷ್ಟೇ ನಿಮ್ಮ ಕೈಯಲ್ಲಿರುವುದು. ವಿಂಡೋಸ್‌ನ ಹಳೆಯ ಕಮಾಂಡ್ ಪ್ರಾಂಪ್ಟ್ ಈ ಹಿಗ್ಗಿಸುವ ಕೆಲಸ ಮಾಡುವುದಿಲ್ಲ, ಒಂಟಿ ಉದ್ಧರಣ ಚಿಹ್ನೆಯನ್ನೂ ಗುರುತಿಸುವುದಿಲ್ಲ. ಅಲ್ಲಿ ಜೋಡಿ ಚಿಹ್ನೆಯೇ ಗತಿ.

ಕೊನೆಯದಾಗಿ, ಅತ್ಯಂತ ಕಿರಿಕಿರಿಯ ಪ್ರಕರಣ. ‘ಹುಡುಕು’ವನ್ನು ಇನ್ನೊಂದು ಷೆಲ್ ಸ್ಕ್ರಿಪ್ಟ್‌ನೊಳಗಿಂದ ಕರೆಯುತ್ತೀರಿ:

./ಹುಡುಕು $1 ವರದಿ

ಸ್ಕ್ರಿಪ್ಟ್‌ಗೆ ಯಾರೂ ಪದ ಕೊಡಲಿಲ್ಲ ಎಂದಿಟ್ಟುಕೊಳ್ಳಿ. ಸ್ಕ್ರಿಪ್ಟ್‌ನ ಮೊದಲ ಆರ್ಗ್ಯುಮೆಂಟ್ ಆದ $1 ಖಾಲಿ, ಉದ್ಧರಣ ಚಿಹ್ನೆಯಿಲ್ಲದ ಖಾಲಿ ಚರವನ್ನು ಷೆಲ್ ಪೂರ್ತಿ ಅಳಿಸಿಬಿಡುತ್ತದೆ. ಉಳಿದದ್ದು ‘ವರದಿ’ ಒಂದೇ. ಅದೇ ಹುಡುಕಬೇಕಾದ ಪದವಾಯಿತು, ಕಡತ ಇಲ್ಲವಾಯಿತು, ಪ್ರೋಗ್ರಾಂ ಸ್ಟ್ಯಾಂಡರ್ಡ್ ಇನ್‌ಪುಟ್‌ಗಾಗಿ ಕಾಯುತ್ತಾ ಕೂತಿತು. ನೋಡುವವರಿಗೆ ಅದು ‘ಹ್ಯಾಂಗ್’ ಆದಂತೆ ಕಾಣುತ್ತದೆ. "$1" ಎಂದು ಬರೆದರೆ ಖಾಲಿ ಆರ್ಗ್ಯುಮೆಂಟ್ ಖಾಲಿಯಾಗಿಯೇ ತಲುಪುತ್ತದೆ. ಗ್ರೆಪ್ ಖಾಲಿ ಪದವನ್ನು ಒಪ್ಪಿಕೊಂಡು ಎಲ್ಲ ಸಾಲುಗಳನ್ನೂ ಮುದ್ರಿಸುತ್ತದೆ, ಏಕೆಂದರೆ ಖಾಲಿ ಪದ ಎಲ್ಲೆಡೆ ಹೊಂದುತ್ತದೆ. ತರ್ಕಕ್ಕೆ ಅದು ಸರಿ. ನಮ್ಮ ಪ್ರೋಗ್ರಾಂ ಅದನ್ನು ನಿರಾಕರಿಸಲಿ ಎಂಬುದು ನನ್ನ ಅಭಿಪ್ರಾಯ: ಖಾಲಿ ಪದವನ್ನು ಬೇಕೆಂದೇ ಹುಡುಕುವವರು ವಿರಳ, ಅಚಾತುರ್ಯದಿಂದ ಕೊಡುವವರೇ ಹೆಚ್ಚು.

ಹೆಜ್ಜೆ 3: ಆಯ್ಕೆಗಳನ್ನು ಓದುವುದು

ಆರ್ಗ್‌ವಿ ಪಟ್ಟಿಯನ್ನು ಕೈಯಿಂದ ಒಂದೊಂದಾಗಿ ಪರಿಶೀಲಿಸುವ ಕೋಡ್ ಬರೆಯಬೇಡಿ. ಪೈಥಾನ್‌ನ ಆರ್ಗ್‌ಪಾರ್ಸ್ (argparse) ಮಾಡ್ಯೂಲ್ ಸಾಕು. ‘ಪದ’ ಎಂಬ ಒಂದು ಸ್ಥಾನ, ‘ಕಡತ’ ಎಂಬ ಇನ್ನೊಂದು ಸ್ಥಾನಕ್ಕೆ ‘ಸೊನ್ನೆ ಅಥವಾ ಹೆಚ್ಚು’ ಎಂಬ ಅರ್ಥದ ನಕ್ಷತ್ರ. ಆಯ್ಕೆಗಳ ಹೆಸರೂ ಕನ್ನಡದಲ್ಲಿರಬಹುದು: --ಎಣಿಸು (ಸಿಕ್ಕ ಸಾಲುಗಳ ಸಂಖ್ಯೆ ಮಾತ್ರ), --ಇಲ್ಲದ (ಪದ ಇಲ್ಲದ ಸಾಲುಗಳು), --ಮೌನ (ಏನೂ ಮುದ್ರಿಸದೆ), --ಹೆಸರು (ಸಾಲಿನ ಮುಂದೆ ಕಡತದ ಹೆಸರು). ಪೈಥಾನ್ ಚರಗಳ ಹೆಸರಿನಲ್ಲಿ ಕನ್ನಡ ಅಕ್ಷರಗಳನ್ನು ಒಪ್ಪುವುದರಿಂದ ಆಮೇಲೆ ಅವನ್ನು ಕೋಡ್‌ನಲ್ಲಿ ಅದೇ ಹೆಸರಿನಿಂದ ಬಳಸಬಹುದು. ದೊಡ್ಡಕ್ಷರ, ಸಣ್ಣಕ್ಷರದ ಭೇದ ಬಿಡುವ ಆಯ್ಕೆ ಗ್ರೆಪ್‌ನಲ್ಲಿದೆ. ಕನ್ನಡದಲ್ಲಿ ಆ ಭೇದವೇ ಇಲ್ಲದ್ದರಿಂದ, ಪಠ್ಯದಲ್ಲಿ ಇಂಗ್ಲಿಷ್ ಬೆರೆತಿದ್ದರೆ ಮಾತ್ರ ಅದನ್ನು ಸೇರಿಸಿ.

ಆರ್ಗ್‌ಪಾರ್ಸ್‌ನಲ್ಲಿ ಎರಡು ಕಡೆ ಎಚ್ಚರ ಬೇಕು. ಒಂದು, ಅದು ಆಯ್ಕೆಯ ಹೆಸರಿನ ತುಣುಕನ್ನೂ ಒಪ್ಪಿಕೊಳ್ಳುತ್ತದೆ. --ಎಣಿ ಎಂದರೂ --ಎಣಿಸು ಎಂದೇ ತಿಳಿಯುತ್ತದೆ. ಯಾರೋ ಸ್ಕ್ರಿಪ್ಟ್‌ನಲ್ಲಿ ಹಾಗೆ ಬರೆದಿಟ್ಟರೆ, ನಾಳೆ ನೀವು --ಎಣಿಕೆ ಎಂಬ ಹೊಸ ಆಯ್ಕೆ ಸೇರಿಸಿದ ದಿನ ಆ ಸ್ಕ್ರಿಪ್ಟ್ ಮುರಿಯುತ್ತದೆ. ಆಯ್ಕೆಗಳನ್ನು ಓದುವ ಪಾರ್ಸರ್ ರಚಿಸುವಾಗಲೇ ಈ ಸಂಕ್ಷೇಪದ ಸೌಲಭ್ಯವನ್ನು ನಿಲ್ಲಿಸಿಬಿಡಿ (allow_abbrev). ಎರಡು, ‘./ಹುಡುಕು ಮಳೆ --ಎಣಿಸು ವರದಿ’ ಎಂದು ಆಯ್ಕೆಯನ್ನು ನಡುವೆ ಇಟ್ಟರೆ ಅನೇಕ ಆವೃತ್ತಿಗಳು ‘ವರದಿ’ಯನ್ನು ಅಪರಿಚಿತ ಆರ್ಗ್ಯುಮೆಂಟ್ ಎಂದು ತಳ್ಳಿಹಾಕುತ್ತವೆ. ಬೆರೆತ ಕ್ರಮವನ್ನು ಓದಲೆಂದೇ 3.7ರಿಂದ ಬೇರೊಂದು ವಿಧಾನ (parse_intermixed_args) ಆ ಮಾಡ್ಯೂಲ್‌ನಲ್ಲಿದೆ, ಅದನ್ನೇ ಕರೆಯಿರಿ.

ಅಡ್ಡಗೆರೆಯಿಂದ ಆರಂಭವಾಗುವ ಪದವನ್ನು ಹುಡುಕುವುದು ಹೇಗೆ? ‘ಇಲ್ಲಿಗೆ ಆಯ್ಕೆಗಳು ಮುಗಿದವು’ ಎಂದು ಹೇಳುವ ಜೋಡಿ ಅಡ್ಡಗೆರೆ (--) ಇರುವುದು ಇದಕ್ಕೇ:

./ಹುಡುಕು -- --ಎಣಿಸು ಸಹಾಯ

ಇಲ್ಲಿ ‘--ಎಣಿಸು’ ಎಂಬುದೇ ಹುಡುಕುವ ಪದ, ‘ಸಹಾಯ’ ಕಡತ. ಸ್ಕ್ರಿಪ್ಟ್‌ನಿಂದ ಕರೆಯುವಾಗ ಪದ ಎಲ್ಲಿಂದಲೋ ಬರುವುದಾದರೆ ಯಾವಾಗಲೂ ಜೋಡಿ ಅಡ್ಡಗೆರೆ ಹಾಕಿಯೇ ಕರೆಯುವುದು ಕ್ಷೇಮ.

ಪದ ಗೋಪ್ಯವಾಗಿದ್ದರೆ ಆರ್ಗ್ಯುಮೆಂಟ್ ಒಳ್ಳೆಯ ಜಾಗವಲ್ಲ. ಯಾರದೋ ಆಧಾರ್ ಸಂಖ್ಯೆ ಕಡತಗಳಲ್ಲಿ ಉಳಿದಿದೆಯೇ ಎಂದು ಪರಿಶೀಲಿಸಲು ಅದನ್ನು ಕಮಾಂಡ್ ಲೈನಿನಲ್ಲಿ ಒತ್ತಿದರೆ, ಅದು ಷೆಲ್‌ನ ಹಿಸ್ಟರಿಯಲ್ಲಿ ಕೂರುತ್ತದೆ. ಪ್ರೋಗ್ರಾಂ ಓಡುತ್ತಿರುವಷ್ಟು ಹೊತ್ತು ಅದೇ ಯಂತ್ರದ ಬೇರೆ ಬಳಕೆದಾರರಿಗೂ ಪ್ರಕ್ರಿಯೆಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಪದಗಳನ್ನು ಕಡತದಿಂದ ಓದುವ --ಪದಕಡತ ಎಂಬ ಆಯ್ಕೆ ಕೊಡಿ. ಆಗ ಒಂದು ಹೊಸ ಘರ್ಷಣೆ ಹುಟ್ಟುತ್ತದೆ: ಪದಗಳನ್ನೂ ಪಠ್ಯವನ್ನೂ ಎರಡನ್ನೂ ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಓದು ಎಂದು ಯಾರಾದರೂ ಕೇಳಬಹುದು. ಅದು ಸಾಧ್ಯವಿಲ್ಲ, ಒಮ್ಮೆ ಓದಿ ಮುಗಿದ ಪೈಪ್ ಮತ್ತೆ ತುಂಬುವುದಿಲ್ಲ. ಮುಲಾಜಿಲ್ಲದೆ ದೋಷ ತೋರಿಸಿ ನಿಲ್ಲಿಸಿ.

ಹೆಜ್ಜೆ 4: ಸ್ಟ್ಯಾಂಡರ್ಡ್ ಇನ್‌ಪುಟ್

ಈ ಮೂರು ಆಜ್ಞೆಗಳನ್ನು ಹೋಲಿಸಿ:

./ಹುಡುಕು ಮಳೆ ವರದಿ
./ಹುಡುಕು ಮಳೆ < ವರದಿ
ಕ್ಯಾಟ್ ವರದಿ | ./ಹುಡುಕು ಮಳೆ

ಮೊದಲನೆಯದರಲ್ಲಿ ಪ್ರೋಗ್ರಾಂಗೆ ಕಡತದ ಹೆಸರು ಗೊತ್ತು, ಪ್ರೋಗ್ರಾಂ ತಾನೇ ಕಡತವನ್ನು ತೆರೆಯುತ್ತದೆ. ಎರಡನೆಯದರಲ್ಲಿ ಕಡತ ತೆರೆಯುವುದು ಷೆಲ್. ಪ್ರೋಗ್ರಾಂಗೆ ‘<’ ಚಿಹ್ನೆಯೂ ಕಾಣುವುದಿಲ್ಲ, ‘ವರದಿ’ ಎಂಬ ಹೆಸರೂ ತಿಳಿಯುವುದಿಲ್ಲ. ಕಡತ ಇಲ್ಲದಿದ್ದರೆ ದೂರುವುದೂ ಷೆಲ್ಲೇ, ನಿಮ್ಮ ಪ್ರೋಗ್ರಾಂ ಆರಂಭವಾಗುವುದೇ ಇಲ್ಲ. ಮೂರನೆಯದು ಪೈಪ್, ಅದರ ಆ ತುದಿಯಲ್ಲಿ ಏನಿದೆ, ಯಾವಾಗ ಮುಗಿಯುತ್ತದೆ ಎಂಬುದು ಯಾರಿಗೂ ಮುಂಚಿತವಾಗಿ ಗೊತ್ತಿರುವುದಿಲ್ಲ.

ಮೂರಕ್ಕೂ ಒಂದೇ ಕೋಡ್ ಸಾಲಬೇಕು. ಆರ್ಗ್ಯುಮೆಂಟ್‌ಗಳಿಂದ ‘ಮೂಲ’ಗಳ ಪಟ್ಟಿ ಮಾಡಿ, ಕಡತ ಇಲ್ಲದಿದ್ದರೆ ಪಟ್ಟಿಯಲ್ಲಿ ಒಂಟಿ ಅಡ್ಡಗೆರೆಯನ್ನು ನೀವೇ ಹಾಕಿ. ಆಮೇಲೆ (‘ಹೊಳೆ’ ಎಂದರೆ ಸಾಲುಗಳು ಹರಿದುಬರುವ ದಾರಿ; ‘ಸಮಗೊಳಿಸು’ ಏನೆಂಬುದು ಆರನೇ ಹೆಜ್ಜೆಯಲ್ಲಿದೆ):

ಪದ = ಸಮಗೊಳಿಸು(ಆರ್ಗ್ಯುಮೆಂಟ್‌ನ ಪದ)
ಪ್ರತಿ ಮೂಲಕ್ಕೂ:
    ಮೂಲ ಅಡ್ಡಗೆರೆಯಾದರೆ ಹೊಳೆ = ಸ್ಟ್ಯಾಂಡರ್ಡ್ ಇನ್‌ಪುಟ್
    ಇಲ್ಲವಾದರೆ ಹೊಳೆ = ಕಡತ ತೆರೆ(ಮೂಲ)
    ಹೊಳೆಯ ಪ್ರತಿ ಸಾಲಿಗೂ:
        ಸಮಗೊಳಿಸು(ಸಾಲು)ವಿನಲ್ಲಿ ಪದ ಇದ್ದರೆ, ಮೂಲ ಸಾಲನ್ನು ಮುದ್ರಿಸು

ಈ ಆಕಾರದಲ್ಲಿ ಒಳಗಿನ ಲೂಪ್‌ಗೆ ತಾನು ಕಡತ ಓದುತ್ತಿದ್ದೇನೋ ಪೈಪ್ ಓದುತ್ತಿದ್ದೇನೋ ಎಂಬ ಚಿಂತೆ ಇರುವುದಿಲ್ಲ. ‘./ಹುಡುಕು ಮಳೆ ಜೂನ್ - ಜುಲೈ’ ಎಂದರೆ ಜೂನ್ ಕಡತ, ಆಮೇಲೆ ಪೈಪ್‌ನಿಂದ ಬಂದದ್ದು, ಆಮೇಲೆ ಜುಲೈ ಕಡತ ಎಂಬ ಕ್ರಮವೂ ತಾನಾಗಿಯೇ ದಕ್ಕುತ್ತದೆ. ಕಡತಗಳನ್ನು ಮುಚ್ಚಿ, ಸ್ಟ್ಯಾಂಡರ್ಡ್ ಇನ್‌ಪುಟ್ ಅನ್ನು ಮುಚ್ಚಬೇಡಿ. ಅದನ್ನು ತೆರೆದವರು ನೀವಲ್ಲ.

ಎಲ್ಲವನ್ನೂ ಒಮ್ಮೆಗೇ ಓದಿ ಸಾಲುಗಳಾಗಿ ಒಡೆಯುವ ಆಸೆ ಬರುತ್ತದೆ. ಸರ್ವರ್‌ನ ಲಾಗ್ ಕಡತವನ್ನು ಟೇಲ್ ಆಜ್ಞೆ ಬೆನ್ನಟ್ಟಿ ಓದುತ್ತಾ ಪೈಪ್‌ಗೆ ಸುರಿಯುತ್ತಿದ್ದರೆ ಆ ‘ಎಲ್ಲ’ ಎಂಬುದು ಎಂದೂ ಮುಗಿಯುವುದಿಲ್ಲ, ನಿಮ್ಮ ಪ್ರೋಗ್ರಾಂ ಒಂದಕ್ಷರವನ್ನೂ ಮುದ್ರಿಸುವುದಿಲ್ಲ. ಸಾಲು ಸಾಲಾಗಿಯೇ ಓದಿ. 4096 ಬೈಟುಗಳ ತುಂಡು ತುಂಡಾಗಿ ಓದುವವರೂ ಇದ್ದಾರೆ. ಯುನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, 4096 ಮೂರರಿಂದ ಭಾಗವಾಗುವುದಿಲ್ಲ, ಆದ್ದರಿಂದ ಬರೀ ಕನ್ನಡವಿರುವ ಪಠ್ಯದ ಮೊದಲ ತುಂಡಿನ ಅಂಚಿನಲ್ಲೇ ಒಂದು ಅಕ್ಷರ ಹರಿದುಹೋಗುತ್ತದೆ.

ಸಾಲಿನ ಕೊನೆಯ ಹೊಸಸಾಲು ಚಿಹ್ನೆಯನ್ನು ತೆಗೆದೇ ಹೋಲಿಸಿ, ಮುದ್ರಿಸುವಾಗ ಮತ್ತೆ ಸೇರಿಸಿ. ಕಡತದ ಕೊನೆಯ ಸಾಲಿಗೆ ಆ ಚಿಹ್ನೆ ಇಲ್ಲದಿರುವುದು ಸಾಮಾನ್ಯ. ತೆಗೆಯದೆ ಹಾಗೆಯೇ ಮುದ್ರಿಸಿದರೆ ಆ ಸಾಲು ಮುಂದಿನ ಕಡತದ ಮೊದಲ ಸಾಲಿಗೆ ಅಂಟಿಕೊಳ್ಳುತ್ತದೆ.

ಕೀಲಿಮಣೆಯ ಮುಂದೆ ಕೂತವರು ಕಡತ ಕೊಡುವುದನ್ನು ಮರೆತರೆ? ಸ್ಟ್ಯಾಂಡರ್ಡ್ ಇನ್‌ಪುಟ್ ಟರ್ಮಿನಲ್‌ಗೆ ಕಟ್ಟಿದೆಯೇ ಎಂದು ಇಸ್‌ಎಟಿಟಿವೈ (isatty) ಎಂಬ ವಿಧಾನ ಹೇಳುತ್ತದೆ. ಕಟ್ಟಿದ್ದರೆ ದೋಷದ ಹೊಳೆಗೆ, ಅಂದರೆ ಸ್ಟ್ಯಾಂಡರ್ಡ್ ಎರರ್‌ಗೆ, ‘ಕೀಲಿಮಣೆಯಿಂದ ಓದುತ್ತಿದ್ದೇನೆ, ಮುಗಿಸಲು ಕಂಟ್ರೋಲ್-ಡಿ’ ಎಂದು ಒಂದು ಸಾಲು ಬರೆದು ಓದಲು ಶುರು ಮಾಡಿ. ವಿಂಡೋಸ್‌ನಲ್ಲಿ ಕಂಟ್ರೋಲ್-ಝಡ್ ಒತ್ತಿ ಎಂಟರ್. ಆದರೆ ಈ ವಿಧಾನದ ಉಪಯೋಗ ಇಷ್ಟಕ್ಕೇ ನಿಲ್ಲಲಿ. ‘ಟರ್ಮಿನಲ್ ಅಲ್ಲ, ಹಾಗಾದರೆ ಪೈಪ್‌ನಲ್ಲಿ ಏನೋ ಬಂದಿರಬೇಕು, ಕಡತ ಕೊಟ್ಟಿದ್ದರೂ ಅದನ್ನೂ ಓದೋಣ’ ಎಂಬ ಜಾಣತನ ಕೆಡುಕಿಗೇ ದಾರಿ. ನಿಗದಿತ ಹೊತ್ತಿಗೆ ಆಜ್ಞೆಗಳನ್ನು ತಾನೇ ಓಡಿಸುವ ಕ್ರಾನ್‌ನಂಥ ಕಡೆ ಟರ್ಮಿನಲ್ ಇರುವುದಿಲ್ಲ, ಪಠ್ಯವೂ ಇರುವುದಿಲ್ಲ. ಬಳಕೆದಾರರು ಕಡತ ಕೊಟ್ಟರೆ ಕಡತ, ಕೊಡದಿದ್ದರೆ ಇನ್‌ಪುಟ್. ಊಹೆ ಬೇಡ.

ಇದೇ ಊಹೆಯ ಅಣ್ಣತಮ್ಮ ಷೆಲ್ ಲೂಪ್‌ನಲ್ಲಿದೆ. ಊರುಗಳ ಪಟ್ಟಿಯ ಕಡತವನ್ನು ಲೂಪ್‌ನ ಸ್ಟ್ಯಾಂಡರ್ಡ್ ಇನ್‌ಪುಟ್‌ಗೆ ಕೊಟ್ಟು, ಒಂದೊಂದು ಹೆಸರು ಓದಿ, ಒಳಗೆ ‘ಹುಡುಕು’ವನ್ನು ಕಡತವಿಲ್ಲದೆ ಕರೆದರೆ, ಮೊದಲ ಸುತ್ತಿನಲ್ಲೇ ಅದು ಪಟ್ಟಿಯ ಉಳಿದ ಸಾಲುಗಳನ್ನೆಲ್ಲ ನುಂಗಿಬಿಡುತ್ತದೆ. ಲೂಪ್ ಒಂದೇ ಸುತ್ತಿಗೆ ನಿಲ್ಲುತ್ತದೆ, ಯಾವ ದೋಷವೂ ಕಾಣುವುದಿಲ್ಲ. ಒಳಗಿನ ಕರೆಗೆ ಕಡತ ಕೊಡಿ, ಇಲ್ಲವೇ ಅದರ ಇನ್‌ಪುಟ್ ಅನ್ನು ಖಾಲಿ ಸಾಧನವಾದ ಡೆವ್-ನಲ್‌ಗೆ ತಿರುಗಿಸಿ.

ಹೆಜ್ಜೆ 5: ಬೈಟುಗಳನ್ನು ಅಕ್ಷರ ಮಾಡುವುದು

ಎರಡು ಬಾಗಿಲುಗಳ ವ್ಯತ್ಯಾಸ ಅತಿ ಸ್ಪಷ್ಟವಾಗಿ ಕಾಣುವುದು ವಿಂಡೋಸ್‌ನಲ್ಲಿ. ಅಲ್ಲಿ ಆರ್ಗ್ಯುಮೆಂಟ್ ಯುನಿಕೋಡ್ ಆಗಿಯೇ ಬರುತ್ತದೆ, ‘ಮಳೆ’ ಎಂಬುದು ‘ಮಳೆ’ಯಾಗಿಯೇ ತಲುಪುತ್ತದೆ. ಪೈಪ್‌ನಿಂದ ಬಂದ ಪಠ್ಯವನ್ನು ಮಾತ್ರ ಪೈಥಾನ್ ಬಹುಕಾಲ ಸಿಸ್ಟಂನ ಹಳೆಯ ಕೋಡ್ ಪೇಜ್ (ಯಾವ ಬೈಟ್ ಯಾವ ಅಕ್ಷರ ಎಂಬ ಪಟ್ಟಿ) ಪ್ರಕಾರ ಓದುತ್ತಾ ಬಂದಿದೆ. ಯುಟಿಎಫ್-8ರಲ್ಲಿರುವ ಕನ್ನಡ ಆ ಕಣ್ಣಿಗೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ. ಪದ ಸರಿ, ಪಠ್ಯ ಕಸ, ಫಲಿತಾಂಶ ‘ಸಿಗಲಿಲ್ಲ’. ಪ್ರೋಗ್ರಾಂನ ಆರಂಭದಲ್ಲೇ ಸ್ಟ್ಯಾಂಡರ್ಡ್ ಇನ್‌ಪುಟ್ ಮತ್ತು ಔಟ್‌ಪುಟ್ ಎರಡನ್ನೂ ಯುಟಿಎಫ್-8ಕ್ಕೆ ಮರುಹೊಂದಿಸಿ, ಕಡತ ತೆರೆಯುವಾಗಲೂ ಅದನ್ನೇ ಸ್ಪಷ್ಟವಾಗಿ ಹೇಳಿ. ಕೆಟ್ಟ ಬೈಟ್ ಸಿಕ್ಕರೆ ಇಡೀ ಪ್ರೋಗ್ರಾಂ ಕುಸಿಯದಂತೆ, ಆ ಬೈಟಿನ ಜಾಗದಲ್ಲಿ ಬದಲಿ ಚಿಹ್ನೆ ಹಾಕು ಎಂದು ದೋಷ ನೀತಿಯಲ್ಲಿ ತಿಳಿಸಿ. ನೋಟ್‌ಪ್ಯಾಡ್‌ನಂಥ ಸಂಪಾದಕಗಳು ಕಡತದ ತಲೆಯಲ್ಲಿ ಕಾಣದ ಗುರುತೊಂದನ್ನು ಇಟ್ಟಿರಬಹುದು. ಮೊದಲ ಸಾಲಿನ ಆರಂಭದಲ್ಲಿ ಅದಿದ್ದರೆ ತೆಗೆಯಿರಿ.

ಇಷ್ಟೆಲ್ಲ ಆದರೂ ಕೆಲವು ಹಳೆಯ ಕನ್ನಡ ಕಡತಗಳಲ್ಲಿ ಏನೂ ಸಿಗುವುದಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪಿಸಿದ ಪಠ್ಯ ಯುನಿಕೋಡ್ ಅಲ್ಲ. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳು, ಕನ್ನಡವಾಗಿ ತೋರಿಸುತ್ತಿದ್ದುದು ಫಾಂಟ್. ಅವನ್ನು ಮೊದಲು ಪರಿವರ್ತಕದಿಂದ ಯುನಿಕೋಡ್‌ಗೆ ತಂದು ಆಮೇಲೆ ಪೈಪ್‌ಗೆ ಹಾಕಬೇಕು. ಪರಿವರ್ತನೆಯನ್ನು ‘ಹುಡುಕು’ವಿನೊಳಗೇ ತುರುಕಬೇಡಿ, ಪೈಪ್ ಇರುವುದೇ ಇಂಥ ಕೆಲಸಗಳನ್ನು ಬೇರೆಬೇರೆಯಾಗಿ ಇಡಲು.

ಹೆಜ್ಜೆ 6: ಪದವನ್ನೂ ಸಾಲನ್ನೂ ಒಂದೇ ಅಳತೆಗೆ ತರುವುದು

ಮೇಲಿನ ‘ಸಮಗೊಳಿಸು’ ಎಂಬುದನ್ನು ಈಗ ಬಿಡಿಸೋಣ. ‘ಕೊ’ ಎಂಬ ಅಕ್ಷರವನ್ನು ಯುನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: ಕ-ದ ಮುಂದೆ ಒ-ಕಾರದ ಒಂದೇ ಚಿಹ್ನೆ, ಅಥವಾ ಕ-ದ ಮುಂದೆ ಎ-ಕಾರದ ಚಿಹ್ನೆ, ಅದರ ಮುಂದೆ ಊ-ಕಾರದ ಚಿಹ್ನೆ. ಪರದೆಯ ಮೇಲೆ ಎರಡೂ ಒಂದೇ. ಬೈಟುಗಳಲ್ಲಿ ಮೊದಲನೆಯದು 6, ಎರಡನೆಯದು 9. ಈ, ಏ, ಐ, ಓ-ಕಾರಗಳಿಗೂ ಇದೇ ಕಥೆ. ಒಂದು ರೂಪದಲ್ಲಿ ಒತ್ತಿದ ‘ಕೊಡಗು’ ಇನ್ನೊಂದು ರೂಪದ ‘ಕೊಡಗು’ವಿಗೆ ಹೊಂದುವುದಿಲ್ಲ. ಪೈಥಾನ್‌ನ ಯುನಿಕೋಡ್‌ಡೇಟಾ ಮಾಡ್ಯೂಲ್‌ನಿಂದ ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಚಿಹ್ನೆಗಳನ್ನು ಕೂಡಿಸಿದ ಪ್ರಮಾಣಿತ ರೂಪಕ್ಕೆ) ತಂದರೆ ವ್ಯತ್ಯಾಸ ಅಳಿಯುತ್ತದೆ.

ಎನ್‌ಎಫ್‌ಸಿ ಮುಟ್ಟದ ಇನ್ನೊಂದಿದೆ. ‘ಬಸ್‌ನಲ್ಲಿ’ ಎಂದು ಬರೆಯುವಾಗ ಸ ಕೆಳಗೆ ನ ಒತ್ತಾಗದಂತೆ ತಡೆಯಲು ನಾವು ಕಾಣದ ಬೆಸುಗೆತಡೆ ಚಿಹ್ನೆಯನ್ನು ಹಾಕುತ್ತೇವೆ. ಹುಡುಕುವವರು ಅದನ್ನು ಒತ್ತದೆ ‘ಬಸ್ನಲ್ಲಿ’ ಎಂದು ಕೊಟ್ಟರೆ ಹೊಂದುವುದಿಲ್ಲ. ‘ರ‍್ಯಾಂಕ್’ ಪದದೊಳಗಿನ ಬೆಸುಗೆ ಚಿಹ್ನೆಯೂ ಹೀಗೆಯೇ. ಹೋಲಿಸುವ ಮೊದಲು ಎರಡೂ ಬಗೆಯ ಚಿಹ್ನೆಗಳನ್ನು ಎರಡೂ ಕಡೆಯಿಂದ ತೆಗೆದುಹಾಕಿ. ಆದರೆ ಮುದ್ರಿಸುವಾಗ ಕಡತದಲ್ಲಿದ್ದ ಮೂಲ ಸಾಲನ್ನೇ ಮುದ್ರಿಸಿ. ಹುಡುಕುವ ಪ್ರೋಗ್ರಾಂ ಪಠ್ಯವನ್ನು ತಿದ್ದಬಾರದು. ಹಾಗೆಯೇ ಕಡತಗಳ ಹೆಸರಿನ ಆರ್ಗ್ಯುಮೆಂಟ್‌ಗಳನ್ನು ಸಮಗೊಳಿಸಲು ಹೋಗಬೇಡಿ. ಹಳೆಯ ಮ್ಯಾಕ್ ಡಿಸ್ಕ್‌ಗಳಲ್ಲಿ ಹೆಸರುಗಳು ಬಿಡಿಸಿದ ರೂಪದಲ್ಲೇ ಇರುತ್ತವೆ, ಲಿನಕ್ಸ್‌ಗೆ ಹೆಸರೆಂದರೆ ಬೈಟುಗಳ ಸಾಲಷ್ಟೇ. ನೀವು ತಿದ್ದಿದ ಹೆಸರಿನ ಕಡತ ಅಲ್ಲಿ ಇರುವುದಿಲ್ಲ.

ಇನ್ನು ಹೊಂದಾಣಿಕೆಯ ಗಡಿ. ‘ಕನ್ನಡ’ ಎಂದು ಹುಡುಕಿದರೆ ಕನ್ನಡದ, ಕನ್ನಡಿಗ ಬರುವುದು ಸರಿ. ಆದರೆ ಕನ್ನಡಿಯೂ ಬರುತ್ತದೆ, ಏಕೆಂದರೆ ‘ಡಿ’ ಎಂಬುದು ಯಂತ್ರಕ್ಕೆ ಡ ಮತ್ತು ಇ-ಕಾರದ ಚಿಹ್ನೆ, ಎರಡು ಸಂಕೇತ. ಪದದ ಗಡಿಯನ್ನು ಹೇಳುವ ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸೋಣ ಎಂದರೆ ಪೈಥಾನ್‌ನ ಅಂತರ್ಗತ ಆರ್‌ಇ ಮಾಡ್ಯೂಲ್ ಸ್ವರಚಿಹ್ನೆಗಳನ್ನು ಪದದ ಭಾಗವೆಂದೇ ಎಣಿಸುವುದಿಲ್ಲ. ‘ಮಳೆ’ಯ ಕೊನೆಯಲ್ಲಿರುವುದು ಎ-ಕಾರದ ಚಿಹ್ನೆ, ಅದರ ಮುಂದೆ ಖಾಲಿ ಜಾಗ, ಎರಡೂ ‘ಪದವಲ್ಲ’ ಎಂದಾದ ಮೇಲೆ ನಡುವೆ ಗಡಿ ಎಲ್ಲಿಂದ ಬರಬೇಕು? ಇಡೀ ಪದವಾಗಿ ಕಣ್ಣೆದುರಿಗಿರುವ ‘ಮಳೆ’ ಸಿಗುವುದೇ ಇಲ್ಲ. ಹೊರಗಿನಿಂದ ಸ್ಥಾಪಿಸಿಕೊಳ್ಳುವ ರೆಜೆಕ್ಸ್ ಎಂಬ ಇನ್ನೊಂದು ಮಾಡ್ಯೂಲ್ ಇದನ್ನು ಸರಿಯಾಗಿ ನಿಭಾಯಿಸುತ್ತದೆ.

ಹೊರಗಿನ ಮಾಡ್ಯೂಲ್ ಬೇಡವೆಂದರೆ --ಪೂರ್ಣಾಕ್ಷರ ಎಂಬ ಆಯ್ಕೆಯನ್ನು ನಾವೇ ಬರೆಯಬಹುದು. ಪದ ಸಿಕ್ಕ ಜಾಗದ ಮುಂದಿನ ಸಂಕೇತದ ಯುನಿಕೋಡ್ ವರ್ಗವನ್ನು ಕೇಳಿ. ಅದು ಅವಲಂಬಿತ ಚಿಹ್ನೆಯ ವರ್ಗವಾಗಿದ್ದರೆ (ಸ್ವರಚಿಹ್ನೆ, ಅರ್ಧಾಕ್ಷರದ ಚಿಹ್ನೆ, ಅನುಸ್ವಾರ ಎಲ್ಲವೂ ಇದರಲ್ಲಿವೆ) ಆ ಹೊಂದಾಣಿಕೆಯನ್ನು ಬಿಟ್ಟು ಅದೇ ಸಾಲಿನಲ್ಲಿ ಮುಂದಕ್ಕೆ ಹುಡುಕಿ. ಮುಂದಕ್ಕೆ ಹುಡುಕುವುದನ್ನು ಮರೆಯಬೇಡಿ: ‘ಕನ್ನಡಿಯಲ್ಲಿ ಕನ್ನಡ’ ಎಂಬ ಸಾಲಿನಲ್ಲಿ ಮೊದಲನೆಯದು ತಪ್ಪಿದರೂ ಎರಡನೆಯದು ಸರಿ. ಈ ಆಯ್ಕೆ ಕನ್ನಡಿಯ ಜೊತೆ ಕನ್ನಡಿಗನನ್ನೂ ಕೈಬಿಡುತ್ತದೆ, ಕನ್ನಡಕವನ್ನು ಉಳಿಸಿಕೊಳ್ಳುತ್ತದೆ. ಪರಿಪೂರ್ಣವಲ್ಲ, ಅದಕ್ಕೇ ಅದು ಆಯ್ಕೆ, ಮೂಲ ವರ್ತನೆಯಲ್ಲ.

ಹೆಜ್ಜೆ 7: ಹೊರಗೆ ಕಳಿಸುವುದು

ಸಿಕ್ಕ ಸಾಲುಗಳು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ, ದೂರುಗಳು ಸ್ಟ್ಯಾಂಡರ್ಡ್ ಎರರ್‌ಗೆ. ಒಂದಕ್ಕಿಂತ ಹೆಚ್ಚು ಮೂಲಗಳಿದ್ದರೆ ಸಾಲಿನ ಮುಂದೆ ಕಡತದ ಹೆಸರು, ಒಂದೇ ಇದ್ದರೆ ಬೇಡ. ಈ ‘ಒಂದೇ ಇದ್ದರೆ’ ಎಂಬುದು ಎಕ್ಸ್‌ಆರ್ಗ್ಸ್ (ಹೆಸರುಗಳ ಪಟ್ಟಿ ಓದಿ, ಅವನ್ನು ಆರ್ಗ್ಯುಮೆಂಟ್ ಮಾಡಿ ಇನ್ನೊಂದು ಆಜ್ಞೆಯನ್ನು ಕರೆಯುವ ಆಜ್ಞೆ) ಬಳಸುವವರಿಗೆ ಕಾಟ ಕೊಡುತ್ತದೆ: ಅದು ಕಡತಗಳನ್ನು ಕಂತುಕಂತಾಗಿ ಕಳಿಸುವಾಗ ಕೊನೆಯ ಕಂತಿನಲ್ಲಿ ಒಂದೇ ಕಡತ ಉಳಿದರೆ ಆ ಸಾಲುಗಳಿಗೆ ಹೆಸರಿರುವುದಿಲ್ಲ. ಯಾವಾಗಲೂ ಹೆಸರು ತೋರಿಸುವ --ಹೆಸರು ಆಯ್ಕೆ ಅದಕ್ಕಾಗಿ.

ಔಟ್‌ಪುಟ್ ಟರ್ಮಿನಲ್‌ಗೆ ಹೋಗುವಾಗ ಪೈಥಾನ್ ಸಾಲು ಸಾಲಾಗಿ ಕಳಿಸುತ್ತದೆ. ಪೈಪ್‌ಗೆ ಹೋಗುವಾಗ ಒಟ್ಟುಗೂಡಿಸಿ ಕಳಿಸುತ್ತದೆ. ನೇರ ಲಾಗ್ ನೋಡುವವರಿಗೆ ಇದು ವಿಳಂಬದಂತೆ ಕಾಣುತ್ತದೆ, ಅವರಿಗಾಗಿ ಪ್ರತಿ ಸಾಲಿಗೂ ಬಫರ್ ಖಾಲಿ ಮಾಡುವ ಆಯ್ಕೆ ಇರಲಿ. ಇನ್ನು ‘./ಹುಡುಕು ಮಳೆ ವರದಿ | ಹೆಡ್’ ಎಂದಾಗ ಹೆಡ್ ಹತ್ತು ಸಾಲು ತೆಗೆದುಕೊಂಡು ಬಾಗಿಲು ಹಾಕಿಕೊಳ್ಳುತ್ತದೆ. ಆಮೇಲೆ ಬರೆಯಲು ಹೋದರೆ ಪೈಥಾನ್ ‘ಮುರಿದ ಪೈಪ್’ ಎಂಬ ದೋಷದ ಉದ್ದ ಪುರಾಣ ಕಾರುತ್ತದೆ. ಆ ದೋಷವನ್ನು ಹಿಡಿದು, ಉಳಿದ ಔಟ್‌ಪುಟ್ ಅನ್ನು ಡೆವ್-ನಲ್‌ಗೆ ತಿರುಗಿಸಿ, ಸದ್ದಿಲ್ಲದೆ ಹೊರಬನ್ನಿ.

ಎಕ್ಸಿಟ್ ಕೋಡ್, ಅಂದರೆ ಪ್ರೋಗ್ರಾಂ ಮುಗಿಯುವಾಗ ಕರೆದವರಿಗೆ ಹಿಂತಿರುಗಿಸುವ ಸಂಖ್ಯೆ, ಗ್ರೆಪ್‌ನದ್ದೇ ಇರಲಿ: ಒಂದಾದರೂ ಸಾಲು ಸಿಕ್ಕರೆ 0, ಸಿಗದಿದ್ದರೆ 1, ದೋಷವಾದರೆ 2. ಆರ್ಗ್‌ಪಾರ್ಸ್ ತಪ್ಪು ಆರ್ಗ್ಯುಮೆಂಟ್‌ಗೆ 2 ಕೊಟ್ಟೇ ಹೊರಬೀಳುವುದರಿಂದ ಅದು ಹೊಂದಿಕೊಳ್ಳುತ್ತದೆ. ಆದರೆ ಯಾರೂ ಹಿಡಿಯದ ದೋಷದಿಂದ ಪೈಥಾನ್ ಪ್ರೋಗ್ರಾಂ ಕುಸಿದರೆ ಅದರ ಕೋಡ್ 1. ಕರೆದ ಸ್ಕ್ರಿಪ್ಟ್ ಅದನ್ನು ‘ಪದ ಸಿಗಲಿಲ್ಲ’ ಎಂದು ಓದಿಕೊಂಡು ನೆಮ್ಮದಿಯಿಂದ ಮುಂದುವರಿಯುತ್ತದೆ. ಆಧಾರ್ ಸಂಖ್ಯೆ ಉಳಿದಿದೆಯೇ ಎಂದು ಪರಿಶೀಲಿಸುವ ಸ್ಕ್ರಿಪ್ಟ್‌ನಲ್ಲಿ ಇದು ಸಣ್ಣ ಸಂಗತಿಯಲ್ಲ. ಇಡೀ ಮುಖ್ಯ ಕಾರ್ಯವನ್ನು ಒಂದು ಹಿಡಿತದೊಳಗೆ ಇಟ್ಟು, ಅನಿರೀಕ್ಷಿತ ದೋಷಕ್ಕೆಲ್ಲ 2 ಕೊಡಿ. ಹಲವು ಕಡತಗಳಲ್ಲಿ ಒಂದು ತೆರೆಯದಿದ್ದರೆ ದೂರು ಬರೆದು ಉಳಿದವನ್ನು ಓದಿ ಮುಗಿಸಿ, ಕೊನೆಗೆ 2.

ಹೆಜ್ಜೆ 8: ಪರೀಕ್ಷೆ

ಪ್ರತಿ ಆಜ್ಞೆಯ ನಂತರ ‘ಎಕೋ $?’ ಎಂದು ಒತ್ತಿ ಎಕ್ಸಿಟ್ ಕೋಡ್ ನೋಡಿಕೊಳ್ಳುತ್ತಾ ಇವಿಷ್ಟನ್ನು ಓಡಿಸಿ:

ಎಕೋ ಮಳೆ ಬಂತು | ./ಹುಡುಕು ಮಳೆ
ಎಕೋ ಮಳೆ ಬಂತು | ./ಹುಡುಕು ಮಳೆ -
ಎಕೋ ಮಳೆ ಬಂತು | ./ಹುಡುಕು ಬಿಸಿಲು
ಎಕೋ ಮಳೆ ಬಂತು | ./ಹುಡುಕು ""
./ಹುಡುಕು ಮಳೆ ಇಲ್ಲದ-ಕಡತ
./ಹುಡುಕು ಮಳೆ "ಜುಲೈ ವರದಿ" < ಜೂನ್

ಮೊದಲೆರಡಕ್ಕೆ 0, ಮೂರನೆಯದಕ್ಕೆ 1, ನಾಲ್ಕು ಮತ್ತು ಐದಕ್ಕೆ 2 ಬರಬೇಕು. ಆರನೆಯದನ್ನು ಓಡಿಸುವ ಮುನ್ನ ಎರಡೂ ಕಡತಗಳಲ್ಲಿ ‘ಮಳೆ’ ಇರುವಂತೆ ನೋಡಿಕೊಳ್ಳಿ. ಪ್ರೋಗ್ರಾಂ ಜುಲೈ ವರದಿಯ ಸಾಲುಗಳನ್ನು ಮಾತ್ರ ಮುದ್ರಿಸಬೇಕು. ಜೂನ್ ಕಡತದ ಒಂದು ಸಾಲು ಬಂದರೂ ನಾಲ್ಕನೇ ಹೆಜ್ಜೆಯ ಊಹೆ ಎಲ್ಲೋ ಕೋಡ್‌ನಲ್ಲಿ ನುಸುಳಿದೆ ಎಂದರ್ಥ.

ಸಾವಿರಾರು ಕಡತಗಳಿರುವ ಫೋಲ್ಡರ್‌ನಲ್ಲಿ ನಕ್ಷತ್ರ ಹಾಕಿ ಕರೆದಾಗ ‘ಆರ್ಗ್ಯುಮೆಂಟ್ ಪಟ್ಟಿ ಅತಿ ಉದ್ದ’ ಎಂಬ ದೋಷ ಬಂದರೆ ಅದು ನಿಮ್ಮ ಪ್ರೋಗ್ರಾಂನದ್ದಲ್ಲ. ಲಿನಕ್ಸ್‌ನಲ್ಲಿ ಒಂದು ಆರ್ಗ್ಯುಮೆಂಟ್‌ಗೆ 128 ಕಿಲೋಬೈಟ್, ಎಲ್ಲ ಸೇರಿ ಸಾಮಾನ್ಯವಾಗಿ 2 ಮೆಗಾಬೈಟ್‌ನ ಮಿತಿ ಇದೆ. ಆಗ ಫೈಂಡ್ ಆಜ್ಞೆಯಿಂದ ಹೆಸರುಗಳನ್ನು ಶೂನ್ಯ ಬೈಟ್‌ನಿಂದ ಬೇರ್ಪಡಿಸಿ ಹೊರಡಿಸಿ, ಎಕ್ಸ್‌ಆರ್ಗ್ಸ್‌ಗೆ -0 ಕೊಟ್ಟು, --ಹೆಸರು ಆಯ್ಕೆಯೊಂದಿಗೆ ‘ಹುಡುಕು’ವನ್ನು ಕರೆಯಿರಿ. ಶೂನ್ಯ ಬೈಟ್ ಕಡತದ ಹೆಸರಿನಲ್ಲಿ ಬರಲು ಸಾಧ್ಯವೇ ಇಲ್ಲ, ಆದ್ದರಿಂದ ‘ಜುಲೈ ವರದಿ’ ಎಂಬ ಹೆಸರಿನ ನಡುವಿನ ಖಾಲಿ ಜಾಗ ಅಲ್ಲಿ ತೊಂದರೆ ಕೊಡುವುದಿಲ್ಲ.